ವಿದ್ಯುಚ್ಚಾಪದ ಬೆಸುಗೆಯೂ ಅದರ ಸಂಕೇತಗಳೂ

ಬೆಸುಗೆಯೆಂಬ ಶಬ್ದವು ಕನ್ನಡದಲ್ಲಿ ಲೋಹಕ್ಕೂ ಮನಸ್ಸಿಗೂ ಸಲ್ಲುತ್ತದೆ. ಅಕ್ಕಸಾಲಿಗನ ಬೆಸುಗೆಯಲ್ಲಿ ಕರಗುವುದು ನಡುವೆ ಇಟ್ಟ ಲೋಹ ಮಾತ್ರ. ವಿದ್ಯುಚ್ಚಾಪದ ಬೆಸುಗೆಯಲ್ಲಾದರೋ ಕೂಡಬೇಕಾದ ಅಂಚುಗಳೆರಡೂ ಕರಗಿ ಒಂದಾಗುತ್ತವೆ. ವಿದ್ಯುತ್ತು ಕಿರಿದಾದ ಎಡೆಯನ್ನು ದಾಟುವಾಗ ಹುಟ್ಟುವ ಉರಿಯೇ ಚಾಪ, ಎಂದರೆ 'ಆರ್ಕ್'. ರಷ್ಯದ ಬೆನಾರ್ದೋಸನು 1880ರ ದಶಕದಲ್ಲಿ ಇಂಗಾಲದ ಕಡ್ಡಿಯಿಂದ ಇದನ್ನು ಸಾಧಿಸಿದನು; 1888ರಲ್ಲಿ ಸ್ಲಾವ್ಯಾನೋವನು ತಾನೇ ಕರಗಿ ಸಂದನ್ನು ತುಂಬುವ ಲೋಹದ ಕಡ್ಡಿಯನ್ನು ಬಳಸಿದನು.

ಆದರೆ ಕರಗಿದ ಉಕ್ಕಿಗೆ ಗಾಳಿಯೇ ಶತ್ರು. ಆಮ್ಲಜನಕ, ಸಾರಜನಕಗಳು ಸೇರಿದರೆ ಬೆಸುಗೆ ತೂತುತೂತಾಗಿ ಪೆಡಸಾಗುತ್ತದೆ. ಈ ಗಾಳಿಯನ್ನು ದೂರವಿಡುವ ಬಗೆಯೇ ವಿಧಾನಗಳ ಭೇದಕ್ಕೆ ಮುಖ್ಯ ಕಾರಣ. ನಮ್ಮ ಊರುಗಳಲ್ಲಿ ಕಿಟಕಿ, ನೇಗಿಲುಗಳನ್ನು ಬೆಸೆಯುವವರು ಹಿಡಿಯುವುದು ಲೇಪವುಳ್ಳ ಕಡ್ಡಿ. ಲೇಪವು ಉರಿದು ಅನಿಲವಾಗಿ ಕಾಯುತ್ತದೆ, ಉಳಿದುದು ಕಿಟ್ಟವಾಗಿ ಮೇಲೆ ಹೊದೆಯುತ್ತದೆ. ಅಮೆರಿಕದ ವೆಲ್ಡಿಂಗ್ ಸೊಸೈಟಿ ಇದನ್ನು ಎಸ್.ಎಂ.ಎ.ಡಬ್ಲ್ಯು. ಎಂದು ಕರೆದರೆ, ಅಂತರರಾಷ್ಟ್ರೀಯ ಮಾನಕ 4063 ಇದಕ್ಕೆ 111 ಎಂಬ ಅಂಕವನ್ನು ಕೊಟ್ಟಿದೆ. ಪುಡಿಯ ರಾಶಿಯೊಳಗೆ ಚಾಪವನ್ನು ಮುಳುಗಿಸುವ ವಿಧಾನ 12ರ ವರ್ಗ. ಕರಗದ ಟಂಗ್‌ಸ್ಟನ್ ಮೊನೆಯ ಸುತ್ತ ಆರ್ಗಾನ್ ಹರಿಸುವ 'ಟಿಗ್' 141. ಎಡೆಬಿಡದೆ ಹೊರಬರುವ ಗಟ್ಟಿ ತಂತಿಗೆ ಜಡಾನಿಲದ ಕಾವಲಿದ್ದರೆ 131, ಇಂಗಾಲಾಮ್ಲದಂಥ ಕ್ರಿಯಾಶೀಲ ಅನಿಲವಿದ್ದರೆ 135. ಅಮೆರಿಕದವರು ಈ ಎರಡನ್ನೂ ಜಿ.ಎಂ.ಎ.ಡಬ್ಲ್ಯು. ಎಂಬ ಒಂದೇ ಹೆಸರಿನಲ್ಲಿ ಅಡಕಮಾಡುತ್ತಾರೆ. ಇಲ್ಲಿ ಅಂಕವೇ ಅಕ್ಷರಕ್ಕಿಂತ ಸೂಕ್ಷ್ಮವೆನ್ನಬೇಕು.

ಕಡ್ಡಿಯ ಮೇಲಿನ ಬರಹವಂತೂ ಪಾಣಿನಿಯ ಪ್ರತ್ಯಾಹಾರವನ್ನು ನೆನಪಿಗೆ ತರುತ್ತದೆ. 'ಅಚ್' ಎಂದೊಡನೆ ಸ್ವರಗಳೆಲ್ಲ ಬರುವಂತೆ, 'ಇ 7018' ಎಂದೊಡನೆ ಬಹಳ ಸಂಗತಿ ಹೊರಡುತ್ತದೆ. 'ಇ' ಎಂದರೆ ಎಲೆಕ್ಟ್ರೋಡ್. 70 ಎಂದರೆ ಬೆಸುಗೆಯ ಲೋಹವು ಚದರ ಅಂಗುಲಕ್ಕೆ ಕನಿಷ್ಠ 70,000 ಪೌಂಡು ಸೆಳೆತವನ್ನು ತಾಳಬೇಕೆಂದು. 1 ಎಂದರೆ ನೆಲಮಟ್ಟದಲ್ಲಿಯೂ ತಲೆಯ ಮೇಲೆಯೂ ಸಲ್ಲುವುದೆಂದು. ಕೊನೆಯ ಎರಡಂಕಿ ಕೂಡಿ ಲೇಪದ ಜಾತಿಯನ್ನು ಹೇಳುತ್ತವೆ. ಸಾಮಾನ್ಯ ಕೆಲಸದ 'ಇ 6013' ಕಡ್ಡಿಯ ಲೇಪದಲ್ಲಿ ಟೈಟಾನಿಯಮ್ಮಿನ ಆಕ್ಸೈಡ್ ಹೆಚ್ಚು. 7018ರದು ಜಲಜನಕ ಕಡಿಮೆಯಾದ ಲೇಪ.

ಈ ಕೊನೆಯ ಅಂಕಿಯನ್ನು ಕಡೆಗಣಿಸಿದರೆ ಅನಾಹುತವಾದೀತು. 7018ರ ಕಡ್ಡಿಗೆ ತೇವ ತಗುಲಿದರೆ ನೀರಿನ ಜಲಜನಕವು ಕರಗಿದ ಉಕ್ಕನ್ನು ಹೊಗುತ್ತದೆ. ಬೆಸುಗೆ ನೋಡಲು ಸುಂದರವಾಗಿಯೇ ಇರುತ್ತದೆ; ಗಂಟೆಗಳು, ಕೆಲವೊಮ್ಮೆ ದಿನಗಳು ಕಳೆದ ಮೇಲೆ ಒಳಗೆ ಬಿರುಕು ಮೂಡುತ್ತದೆ. ಸೇತುವೆಯ ತೊಲೆಯಲ್ಲಿ ಹೀಗಾದರೆ ಹೊರಗಿನ ಕಣ್ಣಿಗೆ ತಿಳಿಯುವುದೂ ಕಷ್ಟ. ಆದುದರಿಂದಲೇ ಪೆಟ್ಟಿಗೆ ಒಡೆದ ಮೇಲೆ ಆ ಕಡ್ಡಿಗಳನ್ನು ಬಿಸಿ ಓವನ್ನಿನಲ್ಲಿಟ್ಟು, ಬೇಕಾದಷ್ಟನ್ನೇ ಹೊರತೆಗೆಯುವ ಪದ್ಧತಿ.