ನಾಯಿಗೆ ಮೂರ್ಛೆ ಬಂದರೆ ಬಡಿಗೆ ಎತ್ತಬೇಡಿ

ತುಂಗಭದ್ರೆಯ ದಂಡೆಯ ನಾಗಲದಿನ್ನೆಯಿಂದ ಆದೋನಿಯವರೆಗೆ ನಮ್ಮ ರೈತರ ಹೊಲ, ಕಣ, ಕುರಿಹಟ್ಟಿಗಳಿಗೆ ರಾತ್ರಿಯ ಕಾವಲು ನಾಯಿಯದೇ. ಇಂಥ ನಾಯಿ ಇದ್ದಕ್ಕಿದ್ದಂತೆ ನೆಲಕ್ಕೆ ಬಿದ್ದು, ಕಾಲು ಸೆಟೆದು, ಬಾಯಲ್ಲಿ ನೊರೆ ಕಾರಿದರೆ "ಹುಚ್ಚು ಹಿಡಿಯಿತು" ಎಂದು ಬಡಿಗೆ ಹುಡುಕುವವರೇ ಹೆಚ್ಚು. ಆದರೆ ನೊರೆ ಬಂದದ್ದೆಲ್ಲ ಹುಚ್ಚಲ್ಲ. ಮನುಷ್ಯರಂತೆ ನಾಯಿಗೂ ಮೂರ್ಛೆರೋಗವುಂಟು.

ಮೂರ್ಛೆ ಎಂದರೇನು?

ಮಿದುಳಿನ ನರಕೋಶಗಳಲ್ಲಿ ವಿದ್ಯುತ್ ಸಂಚಾರ ಹದ ತಪ್ಪಿದಾಗ ಸೆಳೆತ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. ಆಮೇಲೆ ನಾಯಿ ಸ್ವಲ್ಪ ಹೊತ್ತು ಕಣ್ಣು ಕಾಣದಂತೆ ತಡವರಿಸಿ, ಮೆಲ್ಲಗೆ ಮೊದಲಿನಂತಾಗುತ್ತದೆ. ವಂಶದಿಂದ ಬರುವ ಮೂರ್ಛೆರೋಗ ಹೆಚ್ಚಾಗಿ 6 ತಿಂಗಳಿಂದ 6 ವರ್ಷದೊಳಗೆ ಮೊದಲು ಕಾಣಿಸುತ್ತದೆ. ಅಂಥ ನಾಯಿಯಿಂದ ಮರಿ ಹಾಕಿಸಬಾರದು.

ಬೇರೆ ಕಾರಣಗಳೂ ಇವೆ. ಹತ್ತಿಗೆ ಹೊಡೆಯುವ ಕೀಟನಾಶಕ ಹೊಟ್ಟೆಗೆ ಹೋದರೆ ಜೊಲ್ಲು, ಭೇದಿ, ಮೈನಡುಕದ ಜೊತೆಗೆ ಸೆಳೆತ ಬರುತ್ತದೆ. ಇಲಿ ಪಾಷಾಣದಿಂದಲೂ ಬರಬಹುದು. ಲಸಿಕೆ ಹಾಕಿಸದ ಮರಿಗಳಿಗೆ ಡಿಸ್ಟೆಂಪರ್ ರೋಗದಿಂದ, ಮರಿಗೆ ಹಾಲೂಡಿಸುವ ನಾಯಿಗೆ ಸುಣ್ಣದಂಶ ಇಳಿದಾಗ ಬರುವುದುಂಟು.

ಆಗ ಏನು ಮಾಡಬೇಕು?

ಗಡಿಯಾರ ನೋಡಿಕೊಳ್ಳಿ. ಹತ್ತಿರದ ಕಲ್ಲು, ಕುಡುಗೋಲುಗಳನ್ನು ಸರಿಸಿ. ಮಕ್ಕಳನ್ನು ದೂರವಿಡಿ. ನೆರಳು, ನಿಶ್ಶಬ್ದ ಇರಲಿ. ಬಾಯಿಗೆ ಕೈ ಹಾಕಬೇಡಿ. ನಾಯಿ ನಾಲಗೆ ನುಂಗಿಕೊಳ್ಳುವುದಿಲ್ಲ, ನಿಮ್ಮ ಬೆರಳನ್ನು ಮಾತ್ರ ಕಚ್ಚೀತು. ನೀರು ಸುರಿದು ಕುಡಿಸುವುದು, ಕಬ್ಬಿಣ ಮುಟ್ಟಿಸುವುದು, ಈರುಳ್ಳಿ ಹಿಡಿಯುವುದು ಯಾವುದೂ ಬೇಡ.

ಸೆಳೆತ 5 ನಿಮಿಷ ಮೀರಿದರೆ, ಅಥವಾ ಒಂದೇ ದಿನದಲ್ಲಿ ಎರಡು ಸಲ ಬಂದರೆ ತಡಮಾಡದೆ ಪಶುವೈದ್ಯರನ್ನು ಕಾಣಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ವಿಷದ ಸಂಶಯವಿದ್ದರೆ ಔಷಧದ ಡಬ್ಬಿಯನ್ನೂ ಒಯ್ಯಿರಿ.

ಹುಚ್ಚು ಬೇರೆ

ಮೂರ್ಛೆಯ ನಾಯಿ ಎರಡು ಸೆಳೆತಗಳ ನಡುವೆ ಉಂಡು, ತಿಂದು, ಒಡೆಯನನ್ನು ಗುರುತಿಸಿ ಚೆನ್ನಾಗಿರುತ್ತದೆ. ಹುಚ್ಚು ಹಿಡಿದ ನಾಯಿ ಸುಧಾರಿಸುವುದಿಲ್ಲ: ನಡತೆ ಬದಲಾಗುತ್ತದೆ, ದನಿ ಒಡೆಯುತ್ತದೆ, ದವಡೆ ಜೋಲುತ್ತದೆ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಹುಚ್ಚಿನಲ್ಲಿಯೂ ಸೆಳೆತ ಬರಬಹುದಾದ್ದರಿಂದ ಲಸಿಕೆ ಹಾಕಿಸದ ನಾಯಿಯನ್ನು ಮುಟ್ಟದೆ ವೈದ್ಯರಿಗೆ ತೋರಿಸಿ. ಕಚ್ಚಿದರೆ, ಅಥವಾ ಗಾಯಕ್ಕೆ ಜೊಲ್ಲು ತಾಗಿದರೆ, ಸೋಪು ನೀರಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಕಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು.

ಔಷಧ ಉಂಟು

1912ರಿಂದ ಮನುಷ್ಯರ ಮೂರ್ಛೆರೋಗಕ್ಕೆ ಕೊಡುತ್ತಿರುವ ಫಿನೋಬಾರ್ಬಿಟಾಲ್ ಮಾತ್ರೆಯೇ ನಾಯಿಗೂ ಮುಖ್ಯ ಔಷಧ. ಪಶುವೈದ್ಯರು ತೂಕ ನೋಡಿ ಬರೆದುಕೊಟ್ಟ ಪ್ರಮಾಣವನ್ನು 12 ಗಂಟೆಗೊಮ್ಮೆ, ಹೊತ್ತು ತಪ್ಪದೆ ಕೊಡಬೇಕು. ಹೆಚ್ಚಿನ ನಾಯಿಗಳಿಗೆ ಇದು ಜೀವಮಾನದ ಚಿಕಿತ್ಸೆ. "ವಾಸಿಯಾಯಿತು" ಎಂದು ಥಟ್ಟನೆ ನಿಲ್ಲಿಸಿದರೆ ಸೆಳೆತ ಮೊದಲಿಗಿಂತ ಜೋರಾಗಿ ಮರಳುತ್ತದೆ. ಯಕೃತ್ತಿಗೆ ತೊಂದರೆಯಾಗಬಹುದಾದ್ದರಿಂದ ಆಗಾಗ ರಕ್ತ ಪರೀಕ್ಷೆ ಮಾಡಿಸಿ.

ಸೆಳೆತ ಬಂದ ದಿನ, ಹೊತ್ತು, ಎಷ್ಟು ನಿಮಿಷ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮಾತ್ರೆ ಹೆಚ್ಚಿಸಬೇಕೋ ಬೇಡವೋ ಎಂಬುದು ವೈದ್ಯರಿಗೆ ಅದರಿಂದಲೇ ತಿಳಿಯುತ್ತದೆ. ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಹಾಕಿಸಿ, ಸಿಂಪಡಣೆಯ ಡಬ್ಬಿಗಳನ್ನು ಎತ್ತರದಲ್ಲಿಡಿ.