ಮೇಲುಕೋಟೆಯ ಕಾಡಲ್ಲಿ ತೋಳ ಇದೆಯೇ?

ಪ್ರಶ್ನೆ: ನಮ್ಮ ಸುತ್ತ ಬರೀ ಗದ್ದೆ, ಕಬ್ಬು, ನಾಲೆ. ಕಾಡಿನ ಹಾದಿಯಲ್ಲಿ ಬೆಟ್ಟ ಹತ್ತಬೇಕೆಂದರೆ ಕೊಡಗಿಗೇ ಹೋಗಬೇಕೇ? ಮೇಲುಕೋಟೆಯಲ್ಲಿ ತೋಳಗಳಿವೆ ಅನ್ನುವುದು ನಿಜವೇ?
– ಓದುಗರೊಬ್ಬರು, ವಿ.ಸಿ. ಫಾರಂ, ಮಂಡ್ಯ

ಉತ್ತರ: ಕೊಡಗು ಬೇಡ, ಮೇಲುಕೋಟೆ ಸಾಕು. ಪುಳಿಯೋಗರೆ ತಿಂದು, ಯೋಗಾನರಸಿಂಹನ ಮೆಟ್ಟಿಲು ಹತ್ತಿಳಿದು ವಾಪಸಾಗುವ ಬಹುಪಾಲು ಮಂದಿಗೆ ಅಲ್ಲೊಂದು ಅಭಯಾರಣ್ಯ ಇರುವುದೇ ತಿಳಿದಿರುವುದಿಲ್ಲ. 1974ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್. ತೋಳದ ಸಲುವಾಗಿಯೇ ಹೆಸರಾದದ್ದು.

ದಟ್ಟ ಕಾಡಿಲ್ಲದ ಕಡೆ ತೋಳ ಹೇಗೆ ಅನ್ನುತ್ತೀರಾ? ನಮ್ಮ ಬಯಲುಸೀಮೆಯ ತೋಳಕ್ಕೆ ಬೇಕಾದದ್ದೇ ಕುರುಚಲು, ಹುಲ್ಲು, ಮರೆಗೆ ಬಂಡೆ. ಮೊಲವೋ ಕುರಿಮರಿಯೋ ಸಿಕ್ಕರೆ ಆಯಿತು. ಮನುಷ್ಯರ ಸದ್ದು ಕೇಳಿದರೆ ದೂರ ಸರಿಯುತ್ತದೆ, ಆದ್ದರಿಂದ ಕಣ್ಣಿಗೆ ಬೀಳುವುದು ಅಪರೂಪ. ಚಿರತೆಯ ಮಾತು ಬೇರೆ. ಅದು ನಿಮ್ಮ ಕಬ್ಬಿನ ಗದ್ದೆಗೂ ಬರಬಲ್ಲದು!

ಪ್ರಾಣಿಗಳಷ್ಟೇ ಅಲ್ಲ, ಇದೇ ಅಭಯಾರಣ್ಯದ ನಾರಾಯಣದುರ್ಗದ ಕಡೆಯ ಸೈಕಾಸ್ ಗಿಡ ನೋಡಲೇಬೇಕು. ಈಚಲಿನಂತೆ ಕಂಡರೂ ಈಚಲಲ್ಲ. ಹೂ ಬಿಡುವ ಗಿಡಗಳು ಹುಟ್ಟುವ ಮೊದಲೇ ಭೂಮಿಯ ಮೇಲಿದ್ದ ಕುಲ ಅದರದು.

ಅಭಯಾರಣ್ಯದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು, 1972ರ ವನ್ಯಜೀವಿ ಕಾಯ್ದೆಯ ನಿಯಮ ಅದು. ದೇವಸ್ಥಾನದ ಮೆಟ್ಟಿಲಿಗೆ ಆ ತಾಪತ್ರಯವಿಲ್ಲ. ಮಳೆ ನಿಂತ ಮೇಲೆ, ನವೆಂಬರ್‌ನಿಂದ ಜನವರಿವರೆಗೆ, ಬೆಳಗಿನ ಹೊತ್ತು ಹೋಗಿ. ಬೇಸಿಗೆಯಲ್ಲಿ ಬಂಡೆ ಕಾದು ಕಾಲಿಡಲಾಗದು, ಎಲೆಯುದುರಿದ ಮರದಡಿ ನೆರಳೂ ಸಿಗದು. ನೀರು ಮನೆಯಿಂದಲೇ ಕೊಂಡೊಯ್ಯಿರಿ.