ಬಣ್ಣದ ಡಬ್ಬಿಯಲ್ಲಿನ ಸೀಸ: ವರ್ತಕರು ಗಮನಿಸಬೇಕಾದ ನಿಯಮ

ಐರೋಪ್ಯ ಒಕ್ಕೂಟವು ಜೌಗು ಪ್ರದೇಶಗಳಲ್ಲಿ ಸೀಸದ ಚರೆಗಳ ಬಳಕೆಯನ್ನು 2023ರ ಫೆಬ್ರವರಿಯಿಂದ ನಿಷೇಧಿಸಿದೆ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರನ್ವಯ ಮೋಜಿನ ಬೇಟೆಗೇ ಅವಕಾಶವಿಲ್ಲದ ನಮ್ಮಲ್ಲಿ ಆ ಪ್ರಶ್ನೆ ಉದ್ಭವಿಸದು. ಆದರೆ ಅದೇ ಸೀಸವು ತುಮಕೂರು, ಗುಬ್ಬಿ, ಕುಣಿಗಲ್‌ಗಳ ವರ್ತಕರನ್ನು ಬಣ್ಣದ ಡಬ್ಬಿಯ ಮೂಲಕ ತಲುಪುತ್ತದೆ.

ಕೇಂದ್ರ ಸರ್ಕಾರವು 2016ರಲ್ಲಿ ಪ್ರಕಟಿಸಿ 2017ರ ನವೆಂಬರ್‌ನಿಂದ ಜಾರಿಗೆ ತಂದ ನಿಯಮಗಳ ಪ್ರಕಾರ, ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗಗಳನ್ನು ಮೀರುವಂತಿಲ್ಲ. ಈ ನಿರ್ಬಂಧವು ತಯಾರಕರಿಗಷ್ಟೇ ಅಲ್ಲ, ಮಾರಾಟಗಾರರಿಗೂ ಅನ್ವಯಿಸುತ್ತದೆ. ಡಬ್ಬಿಯ ಮೇಲೆ ಆ ಬಗ್ಗೆ ಘೋಷಣೆ ಇರಲೇಬೇಕು.

ಸೀಸದ ಕ್ರೋಮೇಟ್ ಹಳದಿ, ಕೇಸರಿ ವರ್ಣಗಳಿಗೆ ಅಗ್ಗದಲ್ಲಿ ಗಾಢತೆ ನೀಡುತ್ತದೆ; ಸಣ್ಣ ತಯಾರಕರು ಅದನ್ನು ಬಿಡಲು ಹಿಂಜರಿದುದಕ್ಕೆ ಕಾರಣ ಇದೇ. ಬಣ್ಣ ಉದುರಿ ಧೂಳಾದಾಗ ಅದು ಮಕ್ಕಳ ದೇಹ ಸೇರಿ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಕೈಗಾರಿಕಾ ಬಳಕೆಯ ಬಣ್ಣಗಳು ಈ ಮಿತಿಯಿಂದ ಹೊರಗಿವೆ. ತೊಡಕಿರುವುದು ಇಲ್ಲಿಯೇ: ಯಂತ್ರಕ್ಕೆಂದು ತಂದ ಬಣ್ಣವನ್ನು ಮನೆಯ ಗೇಟಿಗೆ ಮಾರಿದರೆ ವಿನಾಯಿತಿಯ ನೆಪ ನಿಲ್ಲದು. ಪರಿಸರ (ಸಂರಕ್ಷಣಾ) ಕಾಯ್ದೆಯ ಉಲ್ಲಂಘನೆಗೆ 2024ರ ಏಪ್ರಿಲ್‌ನಿಂದ ರೂ. 10,000ದಿಂದ 15 ಲಕ್ಷದವರೆಗೆ ದಂಡವಿದೆ.

ಮಾರಲಾಗದ ಹಳೆಯ ದಾಸ್ತಾನನ್ನು ಖರೀದಿ ಬೆಲೆಯಲ್ಲಿಯೇ ಲೆಕ್ಕದಲ್ಲಿ ಮುಂದುವರಿಸುವುದು ತಪ್ಪು. ಅದನ್ನು ವಜಾ ಮಾಡಬೇಕು. ಆಗ ಅದರ ಮೇಲೆ ಪಡೆದ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯನ್ನೂ ಕಲಂ 17(5)ರಂತೆ ಹಿಂದಿರುಗಿಸತಕ್ಕದ್ದು.